ಜೋಳಿಗೆ ತುಂಬಿತು, ಕೈ ಬರಿದಾಯಿತು

ಜಂಗಮರ ಹೆಗಲಿನ ಜೋಳಿಗೆಯನ್ನು ನಮ್ಮ ಭಾಗದ ಹಿರಿಯರು ತೊಟ್ಟಿಲಲ್ಲಿದ್ದಾಗಿನಿಂದ ಕಂಡವರು. ಮುಂಜಾನೆ ಬಾಗಿಲ ಮುಂದೆ ಗಂಟೆಯ ಸಪ್ಪಳ ಕೇಳಿದೊಡನೆ ತಾಯಂದಿರು ಮೊರದಲ್ಲಿ ಜೋಳ ಹಿಡಿದು ಹೊರಬರುತ್ತಿದ್ದರು. ಜೋಳಿಗೆಗೆ ಬಿದ್ದದ್ದು ಮಠದ ದಾಸೋಹಕ್ಕೆ ಸೇರಿ ಹಸಿದು ಬಂದ ಯಾರದೋ ಹೊಟ್ಟೆಗೆ ಮುಟ್ಟುತ್ತಿತ್ತು. ತಾನು ಕೊಟ್ಟ ಜೋಳವನ್ನು ಯಾರುಂಡರೆಂದು ಕೊಟ್ಟ ತಾಯಿಗೆ ಗೊತ್ತಿರುತ್ತಿರಲಿಲ್ಲ, ಗೊತ್ತಾಗಬೇಕೆಂಬ ಆಸೆಯೂ ಇರುತ್ತಿರಲಿಲ್ಲ.

ಆ ಜೋಳಿಗೆಯನ್ನೇ ಹಿಡಿದು 1975ರಿಂದ ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ್ವರ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು ಬೇರೆಯದೇ ಭಿಕ್ಷೆ ಬೇಡಿದರು. ಅವರಿಗೆ ಬೇಕಾದದ್ದು ಜೋಳವಲ್ಲ, ಹಿಟ್ಟಲ್ಲ, ಹಣವಂತೂ ಅಲ್ಲವೇ ಅಲ್ಲ. ನಿಮ್ಮ ಚಟವನ್ನು ನನಗೆ ಭಿಕ್ಷೆ ಹಾಕಿರಿ ಎಂಬುದು ಅವರ ಬೇಡಿಕೆ. ಓಣಿ ಓಣಿ, ಊರು ಊರು ತಿರುಗಿದರು. ದಲಿತರ ಕೇರಿಯಿಂದ ಹಿಡಿದು ಪೇಟೆಯ ಅಂಗಡಿಸಾಲಿನವರೆಗೆ ಎಲ್ಲ ಬಾಗಿಲಲ್ಲೂ ನಿಂತರು. ಬೀಡಿಯ ಕಟ್ಟು, ಗುಟಕಾದ ಚೀಟಿ, ತಂಬಾಕಿನ ಚಂಚಿ, ಇಸ್ಪೀಟಿನ ಎಲೆ, ಎಲ್ಲವೂ ಆ ಜೋಳಿಗೆಗೆ ಬಿದ್ದವು. ಕುಡಿತವನ್ನು ಕೈಯಲ್ಲಿ ಹಿಡಿದು ಹಾಕಲಾಗದವರು ಮಾತಿನ ಮೂಲಕ ಹಾಕಿದರು. ಜನ ಅದಕ್ಕೆ 'ಮಹಾಂತ ಜೋಳಿಗೆ' ಎಂದು ಹೆಸರಿಟ್ಟರು. 2018ರ ಮೇ ತಿಂಗಳಲ್ಲಿ ಪೂಜ್ಯರು ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನೆಯ ದಿನವನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ.

ಈ ಸಂಗತಿಯನ್ನು ನಮ್ಮ ಓದುಗ ಬಂಧುಗಳು ಬಲ್ಲರು. ಬಲ್ಲವರ ಮುಂದೆ ಮತ್ತೆ ಹೇಳುವ ಕಾರಣ ಬೇರೆಯಿದೆ. ಜೋಳಿಗೆಗೆ ಚಟ ಹಾಕಿದ ಮನುಷ್ಯ ಮನೆಗೆ ಹೋದ ಮೇಲೆ ಏನಾಗುತ್ತದೆ? ವೇದಿಕೆಯ ಮೇಲೆ ಹಾರ ಬಿದ್ದ ದಿನದ ಮಾತು ಬಿಡಿ. ಮರುದಿನ ಸಂಜೆ ಆರು ಗಂಟೆಗೆ, ದೀಪ ಹಚ್ಚುವ ಹೊತ್ತಿಗೆ, ಅವನ ಕಾಲು ಯಾವ ಕಡೆಗೆ ತಿರುಗುತ್ತದೆ? ಇದನ್ನು ನಾವು ಹೆಚ್ಚು ಮಾತಾಡಿಲ್ಲ.

ನನಗೆ ಇದು ತಿಳಿದದ್ದು ನನ್ನ ತಪ್ಪಿನಿಂದ. ಇಳಕಲ್ಲಿನಲ್ಲಿ ನಮ್ಮ ಮನೆಯಿಂದ ನಾಲ್ಕು ಬಾಗಿಲಾಚೆ ಒಬ್ಬ ನೇಕಾರನಿದ್ದಾನೆ. ಹೆಸರು ಬೇಡ, ಮನೆತನದ ಮರ್ಯಾದೆಯ ಪ್ರಶ್ನೆ. ಹನ್ನೆರಡನೆಯ ವಯಸ್ಸಿಗೆ ತಂದೆಯ ಕುಣಿಮಗ್ಗಕ್ಕೆ ಕಾಲಿಳಿಬಿಟ್ಟವನು. ಅವನ ಕೈಯ ಸೀರೆಯೆಂದರೆ ಸಾವಕಾರರು ಮಡಿಕೆ ಬಿಚ್ಚಿ ನೋಡದೆ ತೆಗೆದುಕೊಳ್ಳುತ್ತಿದ್ದ ಕಾಲವಿತ್ತು. ಆಮೇಲೆ ವಿದ್ಯುತ್ ಮಗ್ಗಗಳು ಬಂದವು. ಕೈಮಗ್ಗದವನು ದಿನಗಟ್ಟಲೆ ಕುಳಿತು ನೇಯುವುದನ್ನು ಅವು ಎಷ್ಟೋ ಬೇಗ ನೇಯತೊಡಗಿದವು. ಮಜೂರಿ ನಿಂತಲ್ಲೇ ನಿಂತಿತು. ಇಬ್ಬರು ಹೆಣ್ಣುಮಕ್ಕಳ ಮದುವೆಯ ಸಾಲ ತಲೆಯ ಮೇಲಿತ್ತು. ನಸುಕಿನಿಂದ ರಾತ್ರಿ ಹನ್ನೊಂದರವರೆಗೆ ಬಲ್ಬಿನ ಬೆಳಕಿನಲ್ಲಿ ಲಾಳಿ ಹೊಡೆದ. ಬೆನ್ನು ಬಿದ್ದುಹೋಯಿತು, ಕಣ್ಣು ಮಂಜಾಯಿತು. ಬೆನ್ನು ನೋವಿಗೆಂದು ಮೊದಲು ಕುಡಿದ, ನಿದ್ದೆಗೆಂದು ಮುಂದುವರಿಸಿದ, ಕಡೆಗೆ ಕಾರಣವೇ ಬೇಕಾಗಲಿಲ್ಲ. 2007ರ ಜುಲೈ 1ರಿಂದ ಸರ್ಕಾರ ಸಾರಾಯಿ ನಿಲ್ಲಿಸಿತು. ಪಾಕೀಟು ಹೋಯಿತು, ಬಾಟಲಿ ಉಳಿಯಿತು. ಅವನ ಖರ್ಚು ಹೆಚ್ಚಾಯಿತು, ಅಷ್ಟೆ.

ಒಂದು ದಿನ ಜೋಳಿಗೆ ನಮ್ಮ ಓಣಿಗೆ ಬಂದಾಗ ಅವನು ಎಲ್ಲರೆದುರು ಬಂದು ಕೈಮುಗಿದು ಕುಡಿತ ಬಿಟ್ಟೆನೆಂದ. ಅವನ ಹೆಂಡತಿ ಬಾಗಿಲಲ್ಲೇ ಕುಸಿದು ಅತ್ತಳು. ನಾನೂ ಅಂದು ನನ್ನ ತಪಕೀರಿನ ಡಬ್ಬಿ ಹಾಕಿದೆ. ಮೂರು ದಿನ ಬೆರಳು ತಾನಾಗಿಯೇ ಕಿಸೆಗೆ ಹೋಗುತ್ತಿತ್ತು, ಅಲ್ಲಿ ಏನೂ ಇಲ್ಲದ್ದಕ್ಕೆ ಹೊರಗೆ ಬರುತ್ತಿತ್ತು. ತಪಕೀರಿನ ಪಾಡೇ ಹೀಗಾದರೆ ಅವನ ಪಾಡು ಹೇಗಿರಬೇಕೆಂದು ಆಗ ನನಗೆ ಹೊಳೆಯಲಿಲ್ಲ.

ಹತ್ತು ದಿನ ಕಳೆದು ಒಂದು ಸಂಜೆ ನಮ್ಮ ಕಟ್ಟೆಗೆ ಬಂದು ಕುಳಿತ. ಮುಖ ಬಾಡಿತ್ತು.

"ಮಾಸ್ತರ್ರ, ಬಿಟ್ಟೇನಿ ಖರೆ. ಆದ್ರ ಸಂಜಿ ಆರರಿಂದ ಒಂಬತ್ತರ ಮಟ ಏನ ಮಾಡ್ಲಿ ಹೇಳ್ರಿ."

ನಾನು ಅವನಿಗೆ ಒಂದು ತಾಸು ಉಪದೇಶ ಮಾಡಿದೆ. ಮಾನವ ಜನ್ಮ ದೊಡ್ಡದೆಂದೆ, ಶರಣರ ಕಥೆ ಹೇಳಿದೆ, ಮನಸ್ಸನ್ನು ಹತೋಟಿಯಲ್ಲಿಡಬೇಕೆಂದೆ. ಅವನು ತಲೆಯಾಡಿಸಿದ, ಚಹಾ ಕುಡಿದ, ಎದ್ದು ಹೋದ. ಮುಂದಿನ ವಾರ ಪೇಟೆಯ ಗಟಾರದ ಬದಿಗೆ ಬಿದ್ದಿದ್ದವನನ್ನು ಹುಡುಗರು ಎತ್ತಿಕೊಂಡು ಬಂದರು. ನಾನು ಅವನನ್ನು ಬಯ್ಯತೊಡಗಿದೆ. ಆಗ ನಮ್ಮ ಮನೆಯವಳು ಒಳಗಿನಿಂದ ಅಂದಳು: "ಅಂವ ಕೇಳಿದ್ದು ಹೊತ್ತು ಕಳಿಯಾಕ ಕೆಲಸ. ನೀವು ಕೊಟ್ಟಿದ್ದು ಬರೇ ಮಾತು." ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನಿಗೆ ಅಂದು ಒಂದು ಪಾಠವಾಯಿತು.

ಚಟವೆಂಬುದು ಬರೀ ಬಾಯಿಯ ರುಚಿಯಲ್ಲ. ಅದು ಮನುಷ್ಯನ ದಿನದೊಳಗೆ ದೊಡ್ಡ ಜಾಗ ಹಿಡಿದಿರುತ್ತದೆ. ರೊಕ್ಕ ಹೊಂದಿಸುವುದು, ಜೊತೆಗಾರರನ್ನು ಕೂಡಿಸುವುದು, ಹೋಗುವುದು, ಬರುವುದು, ಮರುದಿನ ನಾಚುವುದು, ಆ ನಾಚಿಕೆ ಮರೆಯಲು ಮತ್ತೆ ಹೋಗುವುದು. ಅದನ್ನು ಕಿತ್ತು ಜೋಳಿಗೆಗೆ ಹಾಕಿದಾಗ ಅಷ್ಟು ದೊಡ್ಡ ತಗ್ಗು ಉಳಿಯುತ್ತದೆ. ಕುಡಿತದ ಗೆಳೆಯರು ದೂರವಾಗುತ್ತಾರೆ. ಒಳ್ಳೆಯ ಜನ ಇನ್ನೂ ಹತ್ತಿರ ಸೇರಿಸುವುದಿಲ್ಲ. ಮನೆಯವರು ನಂಬಬೇಕೋ ಬೇಡವೋ ಎಂದು ನೋಡುತ್ತಿರುತ್ತಾರೆ. ಮೇಲಾಗಿ ಇಷ್ಟು ವರ್ಷ ಅಮಲಿಗೆ ಹೊಂದಿಕೊಂಡ ಮಿದುಳು ಬಿಟ್ಟ ಮೇಲೆ ಒಮ್ಮೆಲೇ ಸುಖ ಕೊಡುವುದಿಲ್ಲ. ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ, ನಿದ್ದೆ ಸರಿಯಿಲ್ಲ, ಊಟ ರುಚಿಸುವುದಿಲ್ಲ, ಮಕ್ಕಳ ನಗು ಕೂಡ ಮುಟ್ಟುವುದಿಲ್ಲ. 'ಬಿಟ್ಟರೂ ಸುಖವಿಲ್ಲ, ಕುಡಿದರೂ ಸುಖವಿಲ್ಲ' ಎಂದು ಅವನಿಗೆ ಅನ್ನಿಸಿದರೆ ಅದು ಅವನ ಭಕ್ತಿಯ ಕೊರತೆಯೆಂದು ನಾವು ತೀರ್ಪು ಕೊಡಬಾರದು.

ಇಲ್ಲಿ ಇನ್ನೊಂದು ಮಾತು ಬೇಗ ಹೇಳಿಬಿಡುತ್ತೇನೆ, ಹಿರಿಯರು ಮನೆಯಲ್ಲಿ ಎಲ್ಲರಿಗೂ ತಿಳಿಸಬೇಕು. ನಮ್ಮ ನೇಕಾರ ಎರಡನೆಯ ಸಲ ಯಾರಿಗೂ ಹೇಳದೆ ತಾನೇ ಹಟ ಹಿಡಿದು ಒಮ್ಮೆಲೇ ನಿಲ್ಲಿಸಿದ. ಮೊದಲ ದಿನ ಕೈ ನಡುಗಿದವು. ಎರಡನೆಯ ದಿನ ಫಿಟ್ಸ್ ಬಂದು ಮಗ್ಗದ ಕುಣಿಯ ಪಕ್ಕದಲ್ಲೇ ಬಿದ್ದ. ಕೆಲವರು ಗಾಳಿ ಸೋಕಿದೆಯೆಂದರು. ಗಾಳಿಯಲ್ಲ, ಬಹಳ ವರ್ಷ ದಿನವೂ ಕುಡಿದ ದೇಹ ಒಮ್ಮೆಲೇ ಸೆರೆ ಸಿಗದಾದಾಗ ಹೀಗೆ ತಿರುಗಿ ಬೀಳುತ್ತದೆ. ನಡುಕ, ಬೆವರು, ಫಿಟ್ಸ್ ಬರುತ್ತವೆ. ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣುವ, ಕೇಳುವ ಭ್ರಮೆಯೂ ಬರಬಹುದು. ಪ್ರಾಣಕ್ಕೂ ಅಪಾಯ. ಆದ್ದರಿಂದ ಹೆಚ್ಚು ಕುಡಿಯುವವನು ಬಿಡುವುದಾದರೆ ವೈದ್ಯರ ಕಣ್ಣೆದುರಿನಲ್ಲಿ, ಅವರು ಕೊಟ್ಟ ಔಷಧಿಯೊಂದಿಗೆ ಬಿಡಬೇಕು. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ನಮಗೆ ದೂರವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ ಪ್ರತ್ಯೇಕ ವಿಭಾಗವಿದೆ. ಹೋಗಲಾಗದವರು 14446 ಅಥವಾ 14416ಕ್ಕೆ ಫೋನು ಮಾಡಿದರೆ ಖರ್ಚಿಲ್ಲದೆ ಸಲಹೆ ಸಿಗುತ್ತದೆ. ಸಂಕಲ್ಪ ಮಠದಲ್ಲಿ ಮಾಡಲಿ, ಚಿಕಿತ್ಸೆ ದವಾಖಾನೆಯಲ್ಲಿ ಆಗಲಿ. ಒಂದಕ್ಕೊಂದು ವೈರಿಯಲ್ಲ.

ದವಾಖಾನೆಯಿಂದ ಬಂದ ಮೇಲೆ ಮತ್ತೆ ಅದೇ ಪ್ರಶ್ನೆ ಎದ್ದಿತು. ಅವನನ್ನು ಮತ್ತೆ ಮಗ್ಗಕ್ಕೆ ಕೂಡಿಸಿದರೆ ಆಯಿತಲ್ಲ, ಕೆಲಸವೇ ಮದ್ದು ಎಂದು ಓಣಿಯ ಹಿರಿಯರು ಹೇಳಿದರು. ನನಗೂ ಹಾಗೇ ಅನ್ನಿಸಿತು. ಆದರೆ ಅವನನ್ನು ಸೆರೆಯಂಗಡಿಗೆ ಕಳಿಸಿದ್ದೇ ಆ ಮಗ್ಗವಲ್ಲವೇ? ಮಗ್ಗವೆಂದರೆ ತಪ್ಪಾದೀತು. ಮಗ್ಗದ ಮೇಲೆ ಹೊತ್ತು ಗೊತ್ತಿಲ್ಲದೆ ಕಳೆದ ಆ ವರ್ಷಗಳು.

ನಮ್ಮ ಒಕ್ಕಲಿಗರು ಸೋಮವಾರ ಎತ್ತು ಹೂಡುವುದಿಲ್ಲ. ಬಿತ್ತನೆಯ ಗಡಿಬಿಡಿಯಲ್ಲೂ ಸೋಮವಾರ ಬಸವಣ್ಣನ ಹೆಗಲಿಗೆ ನೊಗ ಇಡದ ಮನೆತನಗಳು ಹುನಗುಂದ, ಬಾದಾಮಿ ಕಡೆ ಇಂದಿಗೂ ಇವೆ. ಕಾರಹುಣ್ಣಿಮೆಗೆ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಮೆರೆಸುತ್ತೇವೆ. ಹೆಗಲು ಹುಣ್ಣಾದ ಎತ್ತನ್ನು ಹೂಡುವವನಿಗೆ ಊರು ಛೀಮಾರಿ ಹಾಕುತ್ತದೆ. ಆದರೆ ಮನಸ್ಸು ಹುಣ್ಣಾದ ಮನುಷ್ಯನನ್ನು ಹೂಡುವುದಕ್ಕೆ ಯಾರೂ ಛೀ ಅನ್ನುವುದಿಲ್ಲ, 'ದುಡಿಯುವ ಗಂಡಸು' ಎಂದು ಹೊಗಳುತ್ತೇವೆ. ಎತ್ತಿಗೊಂದು ಸೋಮವಾರ ಇದೆ, ನೇಕಾರನಿಗೆ ಇಲ್ಲ. ಗ್ರಾನೈಟ್ ಕ್ವಾರಿಯಲ್ಲಿ ಕಲ್ಲು ಸೀಳುವವನಿಗೆ ಇಲ್ಲ, ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತ ನಮ್ಮ ಮೊಮ್ಮಗನಿಗೂ ಇಲ್ಲ.

ಈ ಸುಟ್ಟುಹೋದ ದಣಿವಿಗೆ ಪಡುವಣ ದೇಶದವರು ಒಂದು ಹೆಸರಿಟ್ಟಿದ್ದಾರೆ, 'ಬರ್ನೌಟ್' ಎಂದು. ಎಣ್ಣೆ ತೀರಿ ಬತ್ತಿಯೇ ಉರಿದುಹೋಗುವುದೆಂದು ತಿಳಿಯಿರಿ. ಅದನ್ನು ಮೊದಲು ವಿವರಿಸಿ ಬರೆದವರಲ್ಲಿ ಒಬ್ಬರು ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ಅವರು ತಮ್ಮ ದಿನದ ಕೆಲಸ ಮುಗಿಸಿ ರಾತ್ರಿ ಉಚಿತ ಚಿಕಿತ್ಸಾಲಯದಲ್ಲಿ ಮಾದಕ ವ್ಯಸನಕ್ಕೆ ಬಿದ್ದ ಯುವಕರ ಸೇವೆ ಮಾಡುತ್ತಿದ್ದರು. ಸೇವೆ ಮಾಡುವವರೇ, ತಾವೂ ಸೇರಿ, ಒಳಗೊಳಗೆ ಬೂದಿಯಾಗುತ್ತಿರುವುದನ್ನು ಕಂಡು 1974ರಲ್ಲಿ ಬರೆದರು. ಅಮಲಿನಿಂದ ಸುಟ್ಟುಹೋದವನಿಗೆ ಬಳಸುತ್ತಿದ್ದ ಮಾತನ್ನೇ ದುಡಿತದಿಂದ ಸುಟ್ಟುಹೋದವನಿಗೂ ಬಳಸಿದರು. ಎರಡೂ ಬೆಂಕಿ ಅಕ್ಕಪಕ್ಕದವು ಎಂಬುದು ಆ ಹೆಸರಿನಲ್ಲೇ ಇದೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದರ ಮೂರು ಗುರುತು ಹೇಳಿತು: ತೀರದ ದಣಿವು, ಮಾಡುವ ಕೆಲಸದ ಮೇಲೆಯೇ ಜಿಗುಪ್ಸೆ, ಕೈಗುಣ ಕುಂದುವುದು. ನಮ್ಮ ನೇಕಾರನಲ್ಲಿ ಮೂರೂ ಇದ್ದವು. ಮಡಿಕೆ ಬಿಚ್ಚದೆ ಒಯ್ಯುತ್ತಿದ್ದ ಅವನ ಸೀರೆಯಲ್ಲಿ ಕಡೆಕಡೆಗೆ ಎಳೆ ತಪ್ಪುತ್ತಿದ್ದವು. ಅದೇ ಅವನಿಗೆ ಎಲ್ಲಕ್ಕಿಂತ ದೊಡ್ಡ ಅವಮಾನವಾಗಿತ್ತು.

ಕಾಯಕವನ್ನು ದೊಡ್ಡದು ಮಾಡಿದ ಶರಣರು ಈ ಅತಿ ದುಡಿತವನ್ನು ಒಪ್ಪುತ್ತಿದ್ದರೇ? ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆಯನ್ನು ನಾವು ನೂರು ಸಲ ಕೇಳಿದ್ದೇವೆ. ಕೇಳಿ ಅರ್ಧವನ್ನಷ್ಟೇ ನೆನಪಿಟ್ಟಿದ್ದೇವೆಂದು ನನ್ನ ಗುಮಾನಿ. ಅವರು ನಮ್ಮ ನೆರೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದವರು. ಕಲ್ಯಾಣಕ್ಕೆ ಹೋಗಿ, ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದನ್ನೇ ಅಟ್ಟು ಜಂಗಮ ದಾಸೋಹ ಮಾಡುತ್ತಿದ್ದವರು. ಒಂದು ದಿನ ಮಾರಯ್ಯ ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತ. ಲಕ್ಕಮ್ಮ ಅವನಿಗೆ ಕಾಯಕದ ಹೊತ್ತು ಮೀರಿತೆಂದು ಎಚ್ಚರಿಸಿದಳು. ಇದು ನಮಗೆ ನೆನಪಿರುವ ಅರ್ಧ. ದುಡಿಯದವನನ್ನು ಎಬ್ಬಿಸಲು ಇದನ್ನು ಧಾರಾಳವಾಗಿ ಹೇಳುತ್ತೇವೆ.

ಇನ್ನರ್ಧ ಹೀಗಿದೆ. ಇನ್ನೊಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ. ಮನೆಯಲ್ಲಿ ಸಂತೋಷವಾಗಬೇಕಿತ್ತು. ಲಕ್ಕಮ್ಮ ಮೊರ ನೋಡಿದಳು, ಇದು ನಮ್ಮ ಅಳತೆಯಲ್ಲ ಎಂದಳು, ಹೆಚ್ಚಿನದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು. ಸೋಮಾರಿತನಕ್ಕೆ ಎಷ್ಟು ಕಟ್ಟುನಿಟ್ಟೋ ಅತಿಯಾಸೆಗೂ ಅಷ್ಟೇ ಕಟ್ಟುನಿಟ್ಟು. ಕಾಯಕಕ್ಕೆ ಅಳತೆಯುಂಟು, ಆ ಅಳತೆ ಅಂದಿನ ದಾಸೋಹ. ಅದಕ್ಕಿಂತ ಹೆಚ್ಚಾದದ್ದು ಆ ತಾಯಿಯ ಕಣ್ಣಿಗೆ ಕಾಯಕವಾಗಿಯೇ ಕಾಣಲಿಲ್ಲ. ನಾವು ಮನೆಯ ಗಂಡುಮಕ್ಕಳಿಗೆ ಮೊದಲ ಲಕ್ಕಮ್ಮನನ್ನು ಮಾತ್ರ ತೋರಿಸುತ್ತ ಬಂದೆವು.

ನಮ್ಮ ನೇಕಾರನ ಹೆಂಡತಿ ಶಾಲೆ ಕಲಿತವಳಲ್ಲ, ಲಕ್ಕಮ್ಮನ ಕಥೆಯ ಈ ಒಳಗುಟ್ಟನ್ನು ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಆದರೆ ಅವಳು ಮಾಡಿದ್ದು ಅದನ್ನೇ. ದೀಪ ಹಚ್ಚಿದ ಮೇಲೆ ಮಗ್ಗಕ್ಕೆ ಕೂಡಬಾರದೆಂದು ಗಂಡನಿಗೆ ನಿಯಮ ಹಾಕಿದಳು. ತಿಂಗಳಿಗೆ ಒಂದು ಸೀರೆ ಕಡಿಮೆಯಾಗುತ್ತದೆ, ಸಾಲ ತೀರುವುದು ತಡವಾಗುತ್ತದೆಂದು ನಾನೇ ಲೆಕ್ಕ ಹೇಳಹೋದೆ. ಅವಳೆಂದಳು: "ಒಂದು ಸೀರಿ ಕಡಿಮಿ ಆದ್ರ ಆಗ್ಲಿ ಬಿಡ್ರಿ ಮಾಸ್ತರ್ರ. ಮನಷ್ಯಾ ಮನ್ಯಾಗ ಉಳೀಲಿ." ಸಾಲಗಾರರನ್ನು ಅವಳೇ ಕಂಡು ಗಡುವು ಮುಂದೂಡಿಸಿಕೊಂಡಳು. ಇದಕ್ಕೆ ಬೇಕಾದ ಧೈರ್ಯ ನನಗಿಲ್ಲ.

ಹೀಗೆ ಮಗ್ಗಕ್ಕೆ ಅಳತೆ ಬಂತು. ಆದರೆ ಆರರಿಂದ ಒಂಬತ್ತರ ಆ ಹೊತ್ತು ಇನ್ನೂ ಬಾಯಿ ತೆರೆದೇ ಇತ್ತು.

ಈ ಹೊತ್ತಿನ ಬಗ್ಗೆ ಅಮೆರಿಕದ ಒಂದು ಘಟನೆ ಹೇಳಲೇಬೇಕು. 1935ರ ಮೇ ತಿಂಗಳು. ಬಿಲ್ ವಿಲ್ಸನ್ ಎಂಬ ಷೇರುಪೇಟೆಯ ಮನುಷ್ಯ, ಕುಡಿತದಿಂದ ಎಲ್ಲ ಕಳೆದುಕೊಂಡು, ಬಿಟ್ಟು ಕೆಲವು ತಿಂಗಳಷ್ಟೇ ಆಗಿತ್ತು. ಒಹಾಯೋ ಪ್ರಾಂತದ ಅಕ್ರಾನ್ ಎಂಬ ಊರಿಗೆ ವ್ಯವಹಾರಕ್ಕೆಂದು ಬಂದ. ವ್ಯವಹಾರ ಮುರಿದುಬಿತ್ತು. ಕೈಯಲ್ಲಿ ಹಣವಿಲ್ಲ, ಊರಲ್ಲಿ ಗೆಳೆಯರಿಲ್ಲ. ಹೊಟೇಲಿನ ಪಡಸಾಲೆಯಲ್ಲಿ ನಿಂತಿದ್ದಾನೆ. ಒಂದು ಕಡೆ ಬಾರಿನಿಂದ ನಗೆಮಾತು ಕೇಳುತ್ತಿದೆ, ಇನ್ನೊಂದು ಕಡೆ ಟೆಲಿಫೋನು. ಕುಡಿಯಬೇಕೆಂಬ ಆಸೆ ಗಂಟಲಿಗೆ ಬಂತು. ಆಗ ಅವನು ಟೆಲಿಫೋನಿನ ಕಡೆಗೆ ಹೋಗಿ ಊರಿನ ಇಗರ್ಜಿಗೆ ಕರೆಮಾಡಿದ. ತನ್ನನ್ನು ಕಾಪಾಡಿರೆಂದು ಕೇಳುವ ಬದಲು, ಈ ಊರಲ್ಲಿ ಕುಡಿತದಿಂದ ಕಷ್ಟಪಡುತ್ತಿರುವವರು ಯಾರಾದರೂ ಇದ್ದಾರೆಯೇ, ಅವರೊಡನೆ ನಾನು ಮಾತಾಡಬೇಕು ಎಂದು ವಿಚಾರಿಸಿದ. ಹುಡುಕುತ್ತ ಹುಡುಕುತ್ತ ಡಾ. ಬಾಬ್ ಸ್ಮಿತ್ ಎಂಬ ಕುಡುಕ ವೈದ್ಯನ ಪರಿಚಯವಾಯಿತು. ಇಬ್ಬರೂ ತಾಸುಗಟ್ಟಲೆ ಮಾತಾಡಿದರು. ಆ ಜೂನ್ 10ರಂದು ವೈದ್ಯ ಕಡೆಯ ಸಲ ಕುಡಿದ. ಅಂದಿನಿಂದಲೇ 'ಆಲ್ಕೊಹಾಲಿಕ್ಸ್ ಅನಾನಿಮಸ್' ಎಂಬ ಸಂಘ ಹುಟ್ಟಿತೆಂದು ಎಣಿಸುತ್ತಾರೆ. ಇಂದು ನಮ್ಮ ಕರ್ನಾಟಕದಲ್ಲೂ ಅದರ ಸಭೆಗಳು ನಡೆಯುತ್ತವೆ. ಅವರ ಹನ್ನೆರಡು ಮೆಟ್ಟಿಲುಗಳಲ್ಲಿ ಕಡೆಯದು, ತಾನು ಬಿಟ್ಟವನು ಬಿಡಬೇಕೆನ್ನುವ ಇನ್ನೊಬ್ಬನ ಕೈಹಿಡಿಯುವುದು.

ಇದನ್ನು ಓದಿದಾಗ ನನಗೆ ದಾಸೋಹದ ನೆನಪಾಯಿತು. ಪರದೇಶದ ಇಗರ್ಜಿಯ ಮಾತಿಗೂ ನಮ್ಮ ಮಠದ ಮಾತಿಗೂ ಏನು ಸಂಬಂಧವೆಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಸಂಬಂಧವಿದೆ. ತನಗೆ ಹಸಿವಾದ ಗಳಿಗೆಯಲ್ಲೇ ಇನ್ನೊಬ್ಬನ ಹಸಿವು ವಿಚಾರಿಸುವವನಿಗೆ ದಾಸೋಹಿ ಎಂದು ಹೆಸರು. ಬಿಲ್ ವಿಲ್ಸನ್ ಆ ದಿನ ಮಾಡಿದ್ದು ಅದನ್ನೇ, ಅವನಿಗೆ ಆ ಹೆಸರು ಗೊತ್ತಿರಲಿಲ್ಲವಷ್ಟೆ.

ಚಟಕ್ಕೆ ಬೀಳುವವರೆಲ್ಲ ದುಡಿದು ದಣಿದವರೇ ಎಂದು ಹೇಳುವಂತಿಲ್ಲ. ದುಡಿಯಲು ಏನೂ ಉಳಿಯದವರೂ ಇದ್ದಾರೆ. ಬಾಗಲಕೋಟೆಯ ಹಿರಿಯರನ್ನು ಕೇಳಿರಿ. ಆಲಮಟ್ಟಿಯ ಹಿನ್ನೀರು ಏರಿದಾಗ ಹಳೆಯ ಪೇಟೆಯ ಓಣಿಗಳು ಹೋದವು, ಘಟಪ್ರಭೆಯ ದಂಡೆಯ ಎರೆಹೊಲಗಳು ಹೋದವು, ಜನ ನವನಗರಕ್ಕೂ ಪುನರ್ವಸತಿ ಕೇಂದ್ರಗಳಿಗೂ ಬಂದರು. ನಾಡಿಗೆ ನೀರು ಬಂತು, ಅದು ದೊಡ್ಡದೇ. ಆದರೆ ಬೆಳಗ್ಗೆ ಎದ್ದು ಹೊಲಕ್ಕೆ ಹೋಗುವುದೇ ಬದುಕಾಗಿದ್ದವನಿಗೆ ಪರಿಹಾರದ ಚೆಕ್ಕು ಬಂದಿತು, ಹೊಲ ಬರಲಿಲ್ಲ. ಕೈಯಲ್ಲಿ ಹಣ, ಮುಂದೆ ಇಡೀ ಖಾಲಿ ದಿನ. ಅಂಥವನ ಮನೆಗೆ ಬಾಟಲಿ ದಾರಿ ಹುಡುಕಿಕೊಂಡು ಬಂದರೆ ಅವನೊಬ್ಬನನ್ನೇ ದೂರಿ ಏನು ಪ್ರಯೋಜನ? ಅವನಿಗೂ ನೇಕಾರನಿಗೂ ಕಳೆದದ್ದು ಒಂದೇ. ನಾಳೆ ಬೆಳಗ್ಗೆ ನಾನು ಏಳದಿದ್ದರೆ ಯಾರಿಗೆ ಕೊರತೆಯಾಗುತ್ತದೆ ಎಂಬ ಪ್ರಶ್ನೆಗೆ ಇಬ್ಬರಲ್ಲೂ ಉತ್ತರವಿರಲಿಲ್ಲ.

ಚಟ ಬಿಟ್ಟವರು ಕೆಲವರು ಮಠದಲ್ಲೇ ಉಳಿಯುತ್ತೇವೆನ್ನುವುದುಂಟು. ಮನೆಗೆ ಹೋದರೆ ಮತ್ತೆ ಹಳೆಯ ಓಣಿ, ಹಳೆಯ ಗೆಳೆಯರು ಎಂಬ ಭಯ. ಆ ಭಯ ಸುಳ್ಳಲ್ಲ, ಸ್ವಲ್ಪ ದಿನ ದೂರವಿರುವುದು ಒಳ್ಳೆಯದೂ ಹೌದು. ಆದರೆ ಕೂಡಲಸಂಗಮದ ಕಥೆ ನೆನಪಿಸಿಕೊಳ್ಳಿ. ಕೃಷ್ಣೆ ಮಲಪ್ರಭೆ ಕೂಡುವ ಆ ಜಾಗದಲ್ಲಿ ಬಾಲಕ ಬಸವಣ್ಣನಿಗೆ ಬೇಕಾದದ್ದೆಲ್ಲ ಸಿಕ್ಕಿತ್ತು. ಗುರು, ಪೂಜೆ, ನೆಮ್ಮದಿ. ಹರಿಹರ ಬರೆದ ಬಸವರಾಜದೇವರ ರಗಳೆಯಲ್ಲಿ ಸಂಗಮನಾಥನೇ ಕನಸಿನಲ್ಲಿ ಬಂದು ಬಿಜ್ಜಳನ ಮಂಗಳವಾಡಕ್ಕೆ ಹೋಗೆನ್ನುತ್ತಾನೆ. ಬಸವಣ್ಣ ಸಂತೋಷದಿಂದ ಹೊರಡಲಿಲ್ಲ, ನಿನ್ನನ್ನು ಬಿಟ್ಟು ಹೇಗಿರಲೆಂದು ಸಂಕಟಪಟ್ಟ. ಆದರೂ ಹೋದ. ಕರಣಿಕರ ಲೆಕ್ಕದ ನಡುವೆ, ಅರಸನ ಭಂಡಾರದ ನಡುವೆ, ಗದ್ದಲದ ಪೇಟೆಯ ನಡುವೆ ಅವನ ಕೆಲಸ ಇತ್ತು. ಬಾದಾಮಿ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಶಿವಯೋಗಮಂದಿರ ಕಟ್ಟಿದಾಗಲೂ ವಟುಗಳನ್ನು ಅಲ್ಲೇ ಇಟ್ಟುಕೊಳ್ಳಲಿಲ್ಲ, ಕಲಿಸಿ ಊರೂರಿನ ಮಠಗಳಿಗೆ ಕಳಿಸಿದರು. ಹೊಳೆಯ ದಂಡೆ ಮೈ ತೊಳೆಯಲು, ವಾಸಕ್ಕಲ್ಲ.

ನೇಕಾರನ ಸಂಜೆಯ ಹೊತ್ತಿಗೆ ದಾರಿ ತೋರಿಸಿದ್ದು ನಾನಲ್ಲ, ಉಪದೇಶವೂ ಅಲ್ಲ. ಓಣಿಯ ಬಸವಣ್ಣನ ಗುಡಿಯಲ್ಲಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಮುದುಕಿ ಕಾಲುಜಾರಿ ಬಿದ್ದು ಹಾಸಿಗೆ ಹಿಡಿದಳು. "ಒಂದು ವಾರ ನೋಡಿಕೊಳ್ಳೋ ತಮ್ಮಾ" ಎಂದು ಇವನಿಗೆ ಕೀಲಿಕೈ ಕೊಟ್ಟಳು. ಕುಡುಕನ ಕೈಗೆ ಗುಡಿಯ ಕೀಲಿ ಕೊಟ್ಟಳಲ್ಲ ಎಂದು ಓಣಿ ಗುಸುಗುಸು ಅಂದಿತು. ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದಳೋ. ಆರು ಗಂಟೆಗೆ ಸರಿಯಾಗಿ ದೀಪ ಹಚ್ಚಬೇಕು. ಇವನು ಹೋಗದಿದ್ದರೆ ಗುಡಿ ಕತ್ತಲೆ. ಇಡೀ ಊರಿನಲ್ಲಿ ಅವನನ್ನೇ ಕಾಯುವ ಒಂದು ಕೆಲಸ ಹುಟ್ಟಿತು, ಅದೂ ಸೆರೆಯಂಗಡಿಗೆ ಹೋಗುತ್ತಿದ್ದ ಅದೇ ಹೊತ್ತಿಗೆ. ಕಸ ಹೊಡೆದ, ದೀಪ ಹಚ್ಚಿದ, ಕಟ್ಟೆಯ ಮೇಲೆ ಕುಳಿತ. ವಾರ ಕಳೆದ ಮೇಲೆ ಕೀಲಿಕೈ ತಿರುಗಿ ಕೊಡಹೋದರೆ ಮುದುಕಿ ತೆಗೆದುಕೊಳ್ಳಲಿಲ್ಲ.

ಗುಡಿಯ ಕಟ್ಟೆಗೆ ಓಣಿಯ ಹುಡುಗರು ಬರತೊಡಗಿದರು. ಇವನು ಅವರಿಗೆ ಕೊಂಡಿ ಹಾಕುವುದನ್ನು ಕಲಿಸಿದ. ಇಳಕಲ್ಲಿನ ಸೀರೆ ಬಲ್ಲ ತಾಯಂದಿರಿಗೆ ಇದು ಗೊತ್ತು. ನಮ್ಮಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈ ಹತ್ತಿಯದಾದರೂ ಸೆರಗು ರೇಷ್ಮೆಯದು. ಎರಡನ್ನೂ ಎಳೆ ಎಳೆಗೆ ಕುಣಿಕೆಯಿಂದ ಕೂಡಿಸಬೇಕು. ಒಂದೊಂದು ಸೀರೆಗೂ ಹೊಸದಾಗಿ ಹಾಸು ಮಾಡಬೇಕು, ಹೊಸದಾಗಿ ಕೂಡಿಸಬೇಕು. ಅವಸರ ಮಾಡಿದರೆ ಎಳೆ ಹರಿಯುತ್ತದೆ. ಕೈ ನಡುಗಿದರೂ ಹರಿಯುತ್ತದೆ. ಮೊದಮೊದಲು ಅವನ ಕೈ ನಡುಗುತ್ತಿತ್ತು, ಹುಡುಗರು ನೋಡುತ್ತಿದ್ದರು. ಅವನು ಮುಚ್ಚಿಡಲಿಲ್ಲ. ಈ ಕೈ ಯಾಕೆ ನಡುಗುತ್ತದೆಂದು ಅವರಿಗೆ ಹೇಳಿದ. ನಾನು ವರ್ಷಗಟ್ಟಲೆ ಹೇಳಿದ ನೀತಿಪಾಠಕ್ಕಿಂತ ಆ ನಡುಗುವ ಕೈ ಹುಡುಗರಿಗೆ ಹೆಚ್ಚು ಕಲಿಸಿತೆಂದು ಒಪ್ಪಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಅವನು ಆಮೇಲೆ ಒಮ್ಮೆಯೂ ಜಾರಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಒಂದು ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ ಹಳೆಯ ಗೆಳೆಯರ ಕೈಗೆ ಸಿಕ್ಕು ಕುಡಿದು ಬಂದ. ಮರುದಿನ ಸಂಜೆ ಗುಡಿಯ ದೀಪ ಹತ್ತಲಿಲ್ಲ. ಹುಡುಗರೇ ಅವನ ಮನೆಗೆ ಹೋಗಿ, ಬಯ್ಯದೆ, ಕೀಲಿಕೈ ಕೇಳಿದರು. ಅವನು ಕೀಲಿ ಕೊಡಲಿಲ್ಲ, ತಲೆಗೆ ನೀರು ಹಾಕಿಕೊಂಡು ತಾನೇ ಎದ್ದು ಬಂದ. ಬಿದ್ದದ್ದಕ್ಕೆ ಮೊದಲಿನ ವರ್ಷಗಳ ಲೆಕ್ಕವೆಲ್ಲ ಹೋಯಿತೆಂದು ಅಂದುಕೊಳ್ಳುವವರಿದ್ದಾರೆ. ಹಾಸಿನಲ್ಲಿ ಒಂದು ಎಳೆ ಹರಿದರೆ ನೇಕಾರ ಸೀರೆಯನ್ನೇ ಕತ್ತರಿಸುವುದಿಲ್ಲ, ಎಳೆ ಹುಡುಕಿ ಗಂಟು ಹಾಕುತ್ತಾನೆ. ಈ ಮಾತು ನನ್ನದಲ್ಲ, ಅವನದೇ.

ಹೋದ ಆಗಸ್ಟ್ 1ರಂದು ಮಠದ ಕಾರ್ಯಕ್ರಮ ಮುಗಿಸಿ ನಾವಿಬ್ಬರೂ ಮನೆಯ ಕಡೆ ಬರುತ್ತಿದ್ದೆವು. ಹಿಂದಿನಿಂದ ಒಬ್ಬ ಹುಡುಗ ಬಂದ. ಕ್ವಾರಿಯಲ್ಲಿ ಕೆಲಸ ಮಾಡುವವನು, ಇಪ್ಪತ್ತೈದಿರಬಹುದು. ಅಂದೇ ಸಭೆಯಲ್ಲಿ ಎದ್ದು ನಿಂತು ಕುಡಿತ ಬಿಟ್ಟವನು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ನನ್ನನ್ನು ನೋಡಿ ಕೈಮುಗಿದು ಏನೋ ಕೇಳಬೇಕೆಂದು ನಿಂತ, ನಾಚಿ ಸುಮ್ಮನಾದ. ನಾನು ಗಂಟಲು ಸರಿಮಾಡಿಕೊಂಡು ಮಾತಿಗೆ ತೊಡಗುವಷ್ಟರಲ್ಲಿ ನೇಕಾರ ನನ್ನ ಮೊಣಕೈ ಮುಟ್ಟಿ ತಡೆದ.

"ಡಾಕ್ಟರ್ ಹತ್ರ ಹೋಗಿ ಬಂದಿಯೇನಪಾ?" ಎಂದು ಹುಡುಗನನ್ನು ಕೇಳಿದ.

"ಹೋಗೇನ್ರೀ ಕಾಕಾ. ಗುಳಗಿ ಕೊಟ್ಟಾರ."

"ಹಂಗಾದ್ರ ನಾಳೆ ಸಂಜಿ ಆರಕ್ಕ ಬಸವಣ್ಣನ ಗುಡಿಗೆ ಬಾ. ಒಂದು ಹಾಸು ಕೂಡಿಸೋದೈತಿ, ಎಳಿ ಹಿಡಿಯಾಕ ನನಗೊಬ್ಬರು ಬೇಕು."